ಗಾಳಿ ಎಳೆಯುತ್ತಿದ್ದ ಗರಗಸ: ಹಳೆಯ ಚೈನ್ ಸಾ ದುರಸ್ತಿಯ ದಿನಚರಿ

ಫೆಬ್ರವರಿ, ಮೊದಲ ವಾರ

ಹೋದ ಆಷಾಢದ ಗಾಳಿಗೆ ತೋಟದ ಮೇಲಿನ ಹಕ್ಕಲಿನಲ್ಲಿ ಬುಡಸಮೇತ ಉರುಳಿದ ಅಕೇಶಿಯಾ ಮರವೊಂದು ಗೊಬ್ಬರದ ಗಾಡಿಯ ದಾರಿಗೆ ಅಡ್ಡಲಾಗಿ ಇನ್ನೂ ಬಿದ್ದುಕೊಂಡಿದೆ. ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಮರ ಕೊಯ್ಯುವವರು ಸಿಗಲಿಲ್ಲ, ಸಿಕ್ಕಿದವರು ಒಂದೇ ಮರಕ್ಕಾಗಿ ಇಷ್ಟು ದೂರ ಬರಲು ಒಪ್ಪಲಿಲ್ಲ. ಆದ್ದರಿಂದ ಸಾಗರದ ಗುಜರಿ ಅಂಗಡಿಯೊಂದರ ಮೂಲೆಯಲ್ಲಿ ಕಣ್ಣಿಗೆ ಬಿದ್ದ ಹಳೆಯ ಚೈನ್ ಸಾ ಒಂದನ್ನು 2,800 ರೂಪಾಯಿಗೆ ಮನೆಗೆ ತಂದೆ. ಸುಮಾರು 60 ಸಿಸಿಯ ಎಂಜಿನ್, 18 ಇಂಚಿನ ಬಾರ್, ಅಂದರೆ ಚೈನು ಸುತ್ತುವ ಅಲಗು. ಹೆಸರಿನ ಪಟ್ಟಿ ಎಂದೋ ಉದುರಿಹೋಗಿದೆ. ಹೋದ ಮಳೆಗಾಲದವರೆಗೂ ಓಡುತ್ತಿತ್ತು ಎಂದು ಮಾರಿದವರು ಹೇಳಿದರು. ಗುಜರಿಗೆ ಬಂದ ಯಂತ್ರಗಳೆಲ್ಲ ಹೋದ ಮಳೆಗಾಲದವರೆಗೂ ಓಡುತ್ತಿದ್ದವೇ ಆಗಿರುತ್ತವೆ.

ಮೊದಲ ದಿನ ಬಿಚ್ಚುವುದಕ್ಕಿಂತ ತೊಳೆಯುವುದೇ ಹೆಚ್ಚಾಯಿತು. ಮರದ ಹುಡಿಯೂ ಸುಟ್ಟ ಎಣ್ಣೆಯೂ ಕಲೆತು ಸಿಲಿಂಡರಿನ ರೆಕ್ಕೆಗಳ ನಡುವೆ ಕಲ್ಲಿನಂತೆ ಗಟ್ಟಿಯಾಗಿದ್ದು, ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಅಡಿಕೆಯ ದಬ್ಬೆಯ ಸಿಬಿರಿನಿಂದ ಕೆರೆದು ತೆಗೆಯಲು ಮಧ್ಯಾಹ್ನದವರೆಗೂ ಬೇಕಾಯಿತು. ಕಬ್ಬಿಣದ ಮೊನೆಯಿಂದ ಕೆರೆದರೆ ಅಲ್ಯೂಮಿನಿಯಂ ಗೀರುತ್ತದೆ, ಸಿಬಿರು ಗೀರುವುದಿಲ್ಲ.

ಬಿಚ್ಚುವ ಮುಂಚೆ, ಎಂಜಿನ್ನಿಗೆ ಹೋಗುವ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಕಾರ್ಬೊರೇಟರಿನ ಎರಡು ಸ್ಕ್ರೂಗಳನ್ನು ಪೂರ್ತಿ ಒಳಗೆ ಹೋಗುವವರೆಗೆ ಹಗುರವಾಗಿ ತಿರುಗಿಸಿ, ಅವು ಎಷ್ಟು ಸುತ್ತು ಹೊರಗಿದ್ದವೆಂಬುದನ್ನು ಎಣಿಸಿ ಬರೆದುಕೊಂಡೆ. ಇಂಥ ಕಾರ್ಬೊರೇಟರುಗಳಲ್ಲಿ ಎರಡೂ ಒಂದು ಸುತ್ತು, ಹೆಚ್ಚೆಂದರೆ ಒಂದೂಕಾಲು ಸುತ್ತು ಹೊರಗಿರಬೇಕು. ಇಲ್ಲಿ ಎರಡೂ ಎರಡೂವರೆ ಸುತ್ತಿನ ಆಚೀಚೆ ಇದ್ದವು. ಹಿಂದಿನವರು ಯಾರೋ ತಿಳಿಯದೆ ತಿರುಗಿಸಿದ್ದಾರೆ ಎಂದುಕೊಂಡು ಮುಂದಿನ ಕೆಲಸಕ್ಕೆ ಹೋದೆ. ಆ ಒಂದು ಸಾಲನ್ನು ಆ ದಿನವೇ ಸರಿಯಾಗಿ ಓದಿದ್ದರೆ ಮೂರು ವಾರ ಉಳಿಯುತ್ತಿತ್ತು.

ಪ್ಲಗ್ಗನ್ನು ಬಿಚ್ಚಿ, ಸಿಲಿಂಡರಿಗೆ ತಾಗಿಸಿ ಹಿಡಿದು ಹಗ್ಗ ಎಳೆದಾಗ ಮಂಕಾದ ಹಳದಿ ಕಿಡಿ ಕಾಣಿಸಿತು. ಎಂಜಿನ್ನಿನೊಂದಿಗೆ ತಿರುಗುವ ಚಕ್ರವಾದ ಫ್ಲೈವೀಲಿನ ಅಯಸ್ಕಾಂತದ ಮೇಲೂ ಕಿಡಿ ಹುಟ್ಟಿಸುವ ಕಾಯಿಲಿನ ಕಾಲುಗಳ ಮೇಲೂ ತುಕ್ಕು ಹಿಡಿದಿತ್ತು. ಅದನ್ನು ಉಜ್ಜಿ, ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಕಾಯಿಲನ್ನು ಅದಕ್ಕೆ ಒತ್ತಿ ಬಿಗಿಮಾಡಿ ಕಾರ್ಡನ್ನು ಎಳೆದುಕೊಂಡಾಗ ಬೇಕಾದ 0.3 ಮಿಲಿಮೀಟರ್ ಸಂದು ತಾನಾಗಿ ಸಿಕ್ಕಿತು. ಹೊಸ ಪ್ಲಗ್ಗಿನ ಸಂದನ್ನು 0.5 ಮಿಲಿಮೀಟರಿಗೆ ಹೊಂದಿಸಿದ ಮೇಲೆ ಕಿಡಿ ನೀಲಿಯಾಯಿತು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ, 130 ಪಿಎಸ್‌ಐ ತೋರಿಸಿತು. 150 ಇದ್ದರೆ ಸಂತೋಷ, 100ಕ್ಕಿಂತ ಕೆಳಗಾದರೆ ಖರ್ಚು. 130 ಎಂದರೆ ಬದುಕುವ ಯಂತ್ರವೇ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಿಡಿದಾಗ, ಪಿಸ್ಟನ್ನಿನ ಸೈಲೆನ್ಸರ್ ಬದಿಯಲ್ಲಿ ಮಾತ್ರ ಕೂದಲಿನಂಥ ಉದ್ದುದ್ದ ಗೀರುಗಳು ಕಂಡವು. ಇದನ್ನೂ ಬರೆದುಕೊಂಡೆ. ಇದನ್ನೂ ಓದಲಿಲ್ಲ.

ಫೆಬ್ರವರಿ, ಎರಡನೆಯ ವಾರ

ಕಾರ್ಬೊರೇಟರಿನ ಬಾಯಿಗೆ ನೇರವಾಗಿ ನಾಲ್ಕು ಹನಿ ಪೆಟ್ರೋಲ್ ಬಿಟ್ಟರೆ ಯಂತ್ರ ಎರಡು ಕ್ಷಣ ಗುಡುಗಿ ನಿಲ್ಲುತ್ತಿತ್ತು. ಕಿಡಿ, ಕಂಪ್ರೆಷನ್ ಸರಿಯಿದ್ದು ಟ್ಯಾಂಕಿನಿಂದ ಇಂಧನ ಬರುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿ ಬೇಡ. ಚೈನ್ ಸಾದ ಕಾರ್ಬೊರೇಟರಿನಲ್ಲಿ ಬೈಕಿನಲ್ಲಿರುವಂತೆ ತೇಲುವ ಬೊಂಡು ಇರುವುದಿಲ್ಲ, ಏಕೆಂದರೆ ಯಂತ್ರವನ್ನು ಅಡ್ಡ, ಉದ್ದ, ತಲೆಕೆಳಗು ಹೇಗೆ ಹಿಡಿದರೂ ಅದು ಓಡಬೇಕು. ಆ ಕೆಲಸವನ್ನು ಎರಡು ತೆಳುವಾದ ಪೊರೆಗಳು, ಅಂದರೆ ಡಯಾಫ್ರಮ್‌ಗಳು, ಮಾಡುತ್ತವೆ: ಒಂದು ಎಂಜಿನ್ನಿನ ಹೊಟ್ಟೆಯ ಒತ್ತಡದ ಏರಿಳಿತಕ್ಕೆ ಮಿಡಿದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ, ಇನ್ನೊಂದು ಪುಟ್ಟ ಸನ್ನೆಯೊಂದನ್ನು ಒತ್ತಿ ಸೂಜಿಯನ್ನು ತೆರೆದು ಬೇಕಾದಷ್ಟನ್ನು ಮಾತ್ರ ಒಳಗೆ ಬಿಡುತ್ತದೆ. ನನ್ನ ಯಂತ್ರದಲ್ಲಿ ಈ ಎರಡೂ ಒಣಗಿದ ಹಪ್ಪಳದಂತಾಗಿದ್ದು, ಬೆರಳಿನಿಂದ ಬಾಗಿಸಿದರೆ ಸದ್ದು ಮಾಡುತ್ತಿದ್ದವು. ಟ್ಯಾಂಕಿನೊಳಗಿನ ರಬ್ಬರ್ ಪೈಪು ಎಳೆದಲ್ಲೇ ತುಂಡಾಯಿತು.

ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಮಲೆನಾಡಿನಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಯಂತ್ರವನ್ನು ಅಟ್ಟಕ್ಕೆ ಹಾಕುವುದೆಂದರೆ ಈ ಪೊರೆಗಳ ಆಯುಷ್ಯವನ್ನು ನಾವೇ ಕಡಿದಂತೆ.

ರಿಪೇರಿ ಕಿಟ್ಟು 350 ರೂಪಾಯಿಗೆ ಅಂಚೆಯಲ್ಲಿ ಬಂತು. ಜೋಡಿಸುವಾಗ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆದಿಡುವುದು ಒಳ್ಳೆಯದು. ಪಂಪಿನ ಬದಿಯಲ್ಲಿ ಮೊದಲು ಪೊರೆ ಕಾರ್ಬೊರೇಟರಿಗೆ ತಾಗಬೇಕು, ಅದರ ಮೇಲೆ ಗ್ಯಾಸ್ಕೆಟ್, ಆಮೇಲೆ ಮುಚ್ಚಳ. ಸೂಜಿಯ ಬದಿಯಲ್ಲಿ ಇದು ತಿರುವುಮುರುವು: ಮೊದಲು ಗ್ಯಾಸ್ಕೆಟ್, ಅದರ ಮೇಲೆ ಪೊರೆ. ಎರಡು ಬದಿಗೂ ಒಂದೇ ಕ್ರಮವೆಂದು ಭಾವಿಸಿ ಕೂರಿಸಿದ ನಾನು ಅರ್ಧ ದಿನ ಹಗ್ಗ ಎಳೆದು ಎಳೆದು ರಟ್ಟೆ ನೋಯಿಸಿಕೊಂಡೆ. ಮತ್ತೆ ಬಿಚ್ಚಿ ಸರಿಪಡಿಸಿ, ಸನ್ನೆಯ ತುದಿಯನ್ನು ಕುಳಿಯ ತಳಕ್ಕೆ ಸಮವಾಗಿ ಹೊಂದಿಸಿ, ಹೊಸ ಪೈಪು ಮತ್ತು ಫಿಲ್ಟರ್ ಹಾಕಿ, ಎರಡು ಸ್ಕ್ರೂಗಳನ್ನೂ ಒಂದೊಂದು ಸುತ್ತು ಹೊರಗಿಟ್ಟು ಎಳೆದಾಗ ಆರನೆಯ ಎಳೆತಕ್ಕೆ ಯಂತ್ರ ಹಿಡಿದುಕೊಂಡಿತು. ಅಂಗಳದ ತುಂಬ ನೀಲಿ ಹೊಗೆ. ಕೊಟ್ಟಿಗೆಯ ಕರು ಹಗ್ಗ ಕಿತ್ತುಕೊಂಡು ಓಡಿತು.

ಫೆಬ್ರವರಿ, ಮೂರನೆಯ ವಾರ

ಸಂತೋಷ ಎರಡು ದಿನ ಉಳಿಯಿತು. ತಣ್ಣಗಿರುವಾಗ ಸರಿಯಾಗಿ ಓಡುತ್ತಿದ್ದ ಯಂತ್ರ ಕಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಕೆಳಗಿಳಿಯದೆ ಕಿರುಚುತ್ತಿತ್ತು, ಎಡಕ್ಕೆ ವಾಲಿಸಿದರೆ ಇನ್ನೂ ಜೋರಾಗುತ್ತಿತ್ತು, ನಿಧಾನಗತಿಯನ್ನು ಇಳಿಸಿದರೆ ಸತ್ತುಹೋಗುತ್ತಿತ್ತು. ಸ್ಕ್ರೂವನ್ನು ಹೊರಕ್ಕೆ ತಿರುಗಿಸಿದಷ್ಟೂ, ಅಂದರೆ ಪೆಟ್ರೋಲ್ ಹೆಚ್ಚಿಸಿದಷ್ಟೂ, ಸ್ವಲ್ಪ ಸಮಾಧಾನವಾಗುತ್ತಿತ್ತು. ಹೀಗೆ ತಿರುಗಿಸುತ್ತ ತಿರುಗಿಸುತ್ತ ಎರಡೂಕಾಲು ಸುತ್ತಿಗೆ ಬಂದು ನಿಂತಾಗ ನನ್ನದೇ ನೋಟುಪುಸ್ತಕದ ಮೊದಲ ಪುಟ ನೆನಪಾಯಿತು. ಹಿಂದಿನ ಯಜಮಾನರೂ ಇದೇ ದಾರಿಯಲ್ಲಿ ನಡೆದು ಇದೇ ಜಾಗಕ್ಕೆ ಬಂದಿದ್ದರು. ಅವರು ತಿಳಿಯದೆ ತಿರುಗಿಸಿದವರಾಗಿರಲಿಲ್ಲ.

ಪೇಟೆಯಲ್ಲಿ ಕಳೆ ಕೊಚ್ಚುವ ಯಂತ್ರಗಳನ್ನು ರಿಪೇರಿ ಮಾಡುವ ಹುಡುಗನ ಎದುರಿಗೆ ಒಯ್ದು ಚಾಲೂ ಮಾಡಿದೆ. ಅವನು ಮುಟ್ಟಲೂ ಇಲ್ಲ. ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಡದೆಯೇ, “ಕಾರ್ಬೊರೇಟರ್ ಬಿಡಿ ಅಣ್ಣಾ, ಅದು ಎಲ್ಲೋ ಏರ್ ಎಳೀತಾ ಇದೆ” ಎಂದ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕಿನ ಕೋಣೆಗೆ ಬಂದು ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಆ ಕೋಣೆಯ ಎರಡು ಬದಿಯ ಆಯಿಲ್ ಸೀಲುಗಳಲ್ಲಿ, ಅಂದರೆ ತಿರುಗುವ ಶಾಫ್ಟಿನ ಸುತ್ತ ಗಾಳಿ ನುಸುಳದಂತೆ ತಡೆಯುವ ರಬ್ಬರ್ ಬಳೆಗಳಲ್ಲಿ, ಒಂದು ಸವೆದರೂ ಕಾರ್ಬೊರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲಿನೊಂದಿಗೇ ಬರುವ ಎಣ್ಣೆಯೂ ಅಷ್ಟರಮಟ್ಟಿಗೆ ಕಡಿಮೆಯಾಗುವುದರಿಂದ, ಎಲ್ಲಕ್ಕಿಂತ ಬಿಸಿಯಾಗುವ ಸೈಲೆನ್ಸರ್ ಬದಿಯಲ್ಲಿ ಪಿಸ್ಟನ್ ಮೊದಲು ಗೀರಲು ತೊಡಗುತ್ತದೆ. ಮೊದಲ ದಿನ ಟಾರ್ಚಿನ ಬೆಳಕಿನಲ್ಲಿ ಕಂಡದ್ದು ಅದೇ.

ಪರೀಕ್ಷೆಗೆ ಬೇಕಾದ ಉಪಕರಣ ನನ್ನಲ್ಲಿರಲಿಲ್ಲ; ಅಪ್ಪನ ಹಳೆಯ ಬಿಪಿ ನೋಡುವ ಸಾಧನವಿತ್ತು. ಸೈಕಲ್ ಟ್ಯೂಬಿನ ತುಂಡುಗಳನ್ನು ಕತ್ತರಿಸಿ ಸೈಲೆನ್ಸರಿನ ಮತ್ತು ಕಾರ್ಬೊರೇಟರಿನ ಅಡಿಯಲ್ಲಿಟ್ಟು ಎರಡು ಬಾಯಿಗಳನ್ನೂ ಮುಚ್ಚಿದೆ, ಪಂಪಿನ ಪೊರೆಗೆ ಒತ್ತಡ ಕೊಡುವ ಸಣ್ಣ ರಂಧ್ರಕ್ಕೆ ಬಿಪಿ ಸಾಧನದ ಪೈಪು ಸಿಕ್ಕಿಸಿ 260ರವರೆಗೆ ಗಾಳಿ ಒತ್ತಿದೆ. ಮುಳ್ಳು ನಿಲ್ಲಲಿಲ್ಲ, ಹತ್ತು ಎಣಿಸುವುದರೊಳಗೆ 100ಕ್ಕೆ ಇಳಿಯಿತು. ಸೋಪಿನ ನೀರನ್ನು ಬ್ರಷ್ಷಿನಿಂದ ಬಳಿದಾಗ ಕ್ಲಚ್ಚಿನ ಬದಿ ಸುಮ್ಮನಿತ್ತು. ಫ್ಲೈವೀಲಿನ ಬದಿಯಲ್ಲಿ ಮಾತ್ರ ಶಾಫ್ಟಿನ ಸುತ್ತ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಹುಟ್ಟಿ ಒಡೆಯತೊಡಗಿದವು. ಯಾವ ಮೀಟರಿಗಿಂತಲೂ ಆ ಗುಳ್ಳೆಗಳನ್ನು ನಾನು ಹೆಚ್ಚು ನಂಬುತ್ತೇನೆ.

ಮಾರ್ಚ್

ಫ್ಲೈವೀಲ್ ಬಿಚ್ಚಬೇಕಾದರೆ ಎಂಜಿನ್ ತಿರುಗದಂತೆ ಹಿಡಿಯಬೇಕು. ಪ್ಲಗ್ಗಿನ ತೂತಿನಿಂದ ನೈಲಾನ್ ಹಗ್ಗವನ್ನು ತುರುಕಿ ಪಿಸ್ಟನ್ ಅದಕ್ಕೆ ಒತ್ತಿ ನಿಲ್ಲುವಂತೆ ಮಾಡುವುದು ಹಳೆಯ ಉಪಾಯ. ಆದರೆ ಪಿಸ್ಟನ್ ಮೇಲೇರಿ ಸೈಲೆನ್ಸರಿನ ಕಿಂಡಿಯನ್ನು ಮುಚ್ಚಿದ ಮೇಲೆಯೇ ಹಗ್ಗ ತುರುಕಬೇಕು. ಇಲ್ಲದಿದ್ದರೆ ಹಗ್ಗ ಕಿಂಡಿಯೊಳಗೆ ಇಳಿದು ಅಲ್ಲೇ ಕತ್ತರಿಸಿ ಉಳಿದುಕೊಳ್ಳುತ್ತದೆ. ಕ್ಲಚ್ಚಿನ ಮರೆ (ತಿರುಪಿನ ಸುತ್ತು) ಎಡಸುತ್ತಿನದು, ಎಂದರೆ ಸಾಮಾನ್ಯವಾಗಿ ಬಿಗಿಮಾಡುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಒಂದು ಸೀಲು ಹೋದ ಮೇಲೆ ಅದೇ ವಯಸ್ಸಿನ ಇನ್ನೊಂದನ್ನು ಬಿಡುವುದು ಜಿಪುಣತನವೇ ಹೊರತು ಉಳಿತಾಯವಲ್ಲವಾದ್ದರಿಂದ ಎರಡನ್ನೂ ತೆಗೆದೆ. ಸೀಲಿನ ಮೇಲಿನ ಅಳತೆಯನ್ನು ಭೂತಗನ್ನಡಿಯಲ್ಲಿ ಓದಿ ಶಿವಮೊಗ್ಗದ ಬೇರಿಂಗ್ ಅಂಗಡಿಯಿಂದ ತರಿಸಿದ ಜೋಡಿಗೆ 90 ರೂಪಾಯಿ. ಹೊಸದನ್ನು ಅದೇ ಅಗಲದ ಸಾಕೆಟ್ ಇಟ್ಟು ಹಗುರವಾಗಿ ತಟ್ಟಿ ಕೂರಿಸಿದೆ.

ಬಿಪಿ ಸಾಧನದ ಮುಳ್ಳು ಈ ಬಾರಿ 260ರಲ್ಲಿ ನಿಂತಿತು. ಕೆಲವು ಸೀಲುಗಳು ಒಳಗಿನ ಒತ್ತಡವನ್ನು ತಡೆದು ಹೊರಗಿನದಕ್ಕೆ ದಾರಿ ಬಿಡುವುದುಂಟು. ಆದ್ದರಿಂದ ದೊಡ್ಡ ಸಿರಿಂಜೊಂದನ್ನು ಅದೇ ರಂಧ್ರಕ್ಕೆ ಜೋಡಿಸಿ, ದಂಡವನ್ನು ಎಳೆದು ಒಂದು ನಿಮಿಷ ಹಿಡಿದು ಬಿಟ್ಟೆ. ಅದು ಹೊರಟ ಜಾಗಕ್ಕೇ ಮರಳಿತು. ಯಂತ್ರ ಚಾಲೂ ಆದ ಮೇಲೆ ಎರಡೂ ಸ್ಕ್ರೂಗಳು ಒಂದು ಸುತ್ತಿಗೆ ಬಂದು ನೆಲೆಗೊಂಡವು. ಪೂರ್ತಿ ವೇಗದಲ್ಲಿ ಬರಿದೇ ಓಡಿಸಿದಾಗ ದನಿ ಸ್ವಲ್ಪ ಒಡೆದಂತೆ ಬರ್‍ರೆನ್ನಬೇಕು, ಮರಕ್ಕೆ ಇಳಿಸಿದ ಕೂಡಲೇ ತಿಳಿಯಾಗಬೇಕು. ಬರಿದೇ ಓಡುವಾಗಲೇ ತಿಳಿಯಾಗಿ ಶಿಳ್ಳೆ ಹಾಕಿದರೆ ಮಿಶ್ರಣ ತೆಳುವಾಗಿದೆ ಎಂದರ್ಥ. ಲೀಟರಿಗೆ 20 ಮಿಲಿಲೀಟರ್ ಟೂ-ಟಿ ಎಣ್ಣೆ ಸಾಕೆಂದು ಡಬ್ಬಿಯ ಮೇಲಿದ್ದರೂ ಗೀರು ಬಿದ್ದ ಪಿಸ್ಟನ್ನಿನ ಮೇಲಿನ ಕನಿಕರದಿಂದ ನಾನು 25 ಹಾಕುತ್ತಿದ್ದೇನೆ.

ಚೈನಿನ ಕಥೆ ಬೇರೆ. 34 ಹಲ್ಲುಗಳಲ್ಲಿ ಬಲಬದಿಯ 17 ಎಡಬದಿಯವಕ್ಕಿಂತ ಮೋಟಾಗಿದ್ದವು. ಅರ ಹಾಕುವವರ ಕೈಗೆ ಯಾವಾಗಲೂ ಒಂದು ಬದಿ ಸಲೀಸು. ಇಂಥ ಚೈನು ನೇರವಾಗಿ ಇಳಿಯದೆ ದಿಮ್ಮಿಯೊಳಗೆ ಬಾಳೆಕಾಯಿಯಂತೆ ಬಾಗಿ ಹೋಗಿ ಬಾರನ್ನು ಕಚ್ಚಿಸುತ್ತದೆ. ಎಲ್ಲಕ್ಕಿಂತ ಮೋಟಾದ ಹಲ್ಲನ್ನು ಅಳತೆಯಾಗಿಟ್ಟುಕೊಂಡು ಉಳಿದ ಎಲ್ಲವನ್ನೂ 5.5 ಮಿಲಿಮೀಟರಿನ ಗುಂಡು ಅರದಿಂದ 30 ಡಿಗ್ರಿ ಓರೆಯಲ್ಲಿ ಅದಕ್ಕೆ ಸರಿಗಟ್ಟಿದೆ, ಹಲ್ಲು ಮರದೊಳಗೆ ಎಷ್ಟು ಇಳಿಯಬೇಕೆಂದು ಮಿತಿ ಹಾಕಲು ಪ್ರತಿ ಹಲ್ಲಿನ ಮುಂದಿರುವ ಗುಬ್ಬಿಯನ್ನು (ಉಬ್ಬನ್ನು) ಹಲ್ಲಿಗಿಂತ 0.65 ಮಿಲಿಮೀಟರ್ ತಗ್ಗಿಸಿದೆ. ಎರಡು ಸಂಜೆಯ ಕೆಲಸ. ಬಾರಿಗೆ ಎಣ್ಣೆ ಬಿಡುವ ಪಂಪಿನ ಜಾಲರಿ ಸುಟ್ಟ ಎಣ್ಣೆಯ ಕಿಟ್ಟದಿಂದ ಮುಚ್ಚಿಹೋಗಿತ್ತು, ಅದನ್ನು ತೊಳೆದು ಹೊಸ ಎಂಜಿನ್ ಆಯಿಲ್ ತುಂಬಿದೆ. ಬಾರಿನ ತುದಿಯನ್ನು ಹಳೆಯ ಪತ್ರಿಕೆಯ ಮುಂದೆ ಹಿಡಿದು ಓಡಿಸಿದಾಗ ಕಾಗದದ ಮೇಲೆ ತೆಳುವಾದ ಎಣ್ಣೆಯ ಗೆರೆ ಮೂಡಿತು. ಹುಡಿ ತುಂಬಿ ಅಲುಗದಂತಾಗಿದ್ದ ಚೈನ್ ಬ್ರೇಕನ್ನೂ ಬಿಚ್ಚಿ ಬಿಡಿಸಿದೆ. ಬಾರಿನ ಮೂತಿಯ ಮೇಲ್ಭಾಗ ಎಲ್ಲಾದರೂ ತಾಗಿದರೆ ಯಂತ್ರ ಮುಖಕ್ಕೆ ಹಾರುತ್ತದೆ, ಆಗ ತಡೆಯುವುದು ಈ ಬ್ರೇಕೊಂದೇ.

ಏಪ್ರಿಲ್, ಮೊದಲ ಭಾನುವಾರ

ಅಕೇಶಿಯಾ ದಿಮ್ಮಿ ಎರಡು ದಿಬ್ಬಗಳ ನಡುವೆ ಸೇತುವೆಯಂತೆ ಮಲಗಿತ್ತು. ಇಂಥ ಕಡೆ ಮೇಲ್ಮೈ ಒತ್ತಿಕೊಂಡಿರುತ್ತದೆ, ಕೆಳಮೈ ಹಿಗ್ಗಿರುತ್ತದೆ. ಮೇಲಿನಿಂದಲೇ ಪೂರ್ತಿ ಕೊಯ್ದರೆ ಬಾರು ಸಿಕ್ಕಿಬೀಳುವುದು ಖಂಡಿತ. ಮೇಲಿನಿಂದ ಮೂರನೆಯ ಒಂದು ಪಾಲಿನಷ್ಟು ಇಳಿಸಿ, ಉಳಿದದ್ದನ್ನು ಕೆಳಗಿನಿಂದ ಕೊಯ್ದೆ. ಹುಡಿ ಹಿಟ್ಟಿನಂತೆ ಬೀಳದೆ ಅವಲಕ್ಕಿಯಂತೆ ಚೂರುಚೂರಾಗಿ ಬಿದ್ದಾಗ ಅರದ ಕೆಲಸ ಸರಿಯಾಗಿದೆಯೆಂದು ತಿಳಿಯಿತು. ಎರಡು ಟ್ಯಾಂಕಿನಲ್ಲಿ ದಾರಿ ಬಿಡುವಾಯಿತು. ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಯಂತ್ರ ಮರುಮಾತಿಲ್ಲದೆ ಕೆಳಗಿಳಿಯಿತು. ಯಾವ ಬದಿಗೆ ವಾಲಿಸಿದರೂ ದನಿ ಬದಲಾಗಲಿಲ್ಲ.

ಹಿಡಿಯ ಬುಡದಲ್ಲಿ ಕಂಪನ ತಡೆಯುವ ರಬ್ಬರುಗಳಲ್ಲಿ ಒಂದು ಸೀಳಿರುವುದು ಸಂಜೆ ಒರೆಸುವಾಗ ಕಣ್ಣಿಗೆ ಬಿತ್ತು. ಮಧ್ಯಾಹ್ನದಿಂದ ಬೆರಳುಗಳು ಏಕೆ ಜುಮ್ಮೆನ್ನುತ್ತಿದ್ದವೆಂಬುದು ಆಗ ಗೊತ್ತಾಯಿತು. ಅದಕ್ಕೆ ಆರ್ಡರ್ ಹಾಕಿದ್ದೇನೆ. ಬರುವವರೆಗೆ ದಿನಕ್ಕೆ ಅರ್ಧ ಟ್ಯಾಂಕಿಗಿಂತ ಹೆಚ್ಚು ಓಡಿಸುವುದಿಲ್ಲವೆಂದು ಬರೆದು, ಟ್ಯಾಂಕನ್ನು ಖಾಲಿ ಮಾಡಿ, ಉಳಿದ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವವರೆಗೆ ಯಂತ್ರವನ್ನು ಓಡಿಸಿ ಅಟ್ಟಕ್ಕೇರಿಸಿದೆ.