ತಾಳಗುಂದದ ಕಂಬದೆದುರು ಒಂದು ಇಂಗ್ಲಿಷ್ ಪಾಠ

ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೈಸ್ಕೂಲು ಮಕ್ಕಳನ್ನು ಕರೆದುಕೊಂಡು ಹೋದದ್ದು ಇತಿಹಾಸದ ಪಾಠಕ್ಕೆ. ಪ್ರಣವೇಶ್ವರ ಗುಡಿಯ ಮುಂದಿನ ಎಂಟು ಮುಖದ ಕಂಬದಲ್ಲಿ ಕುಬ್ಜನೆಂಬ ಕವಿ 34 ಸಂಸ್ಕೃತ ಪದ್ಯಗಳಲ್ಲಿ ಕದಂಬರನ್ನು ಹೊಗಳಿದ್ದಾನೆ. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದ ಕತೆ ಇರುವುದು ಇಲ್ಲೇ. ಸಾಲುಗಳು ಬುಡದಿಂದ ಶುರುವಾಗಿ ಮೇಲಕ್ಕೆ ಹತ್ತುತ್ತವೆ.

ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದಿದ್ದಳು: ‘ಕುಬ್ಜ ಎಕ್ಸ್‌ಟಾರ್ಟ್ಸ್ ದ ಕಿಂಗ್’. ಅಂದರೆ ಕವಿ ರಾಜನನ್ನು ಹೆದರಿಸಿ ದುಡ್ಡು ಕೀಳುತ್ತಿದ್ದಾನೆ! (ಆಸ್ಥಾನ ಕವಿಗಳ ಮಟ್ಟಿಗೆ ತೀರಾ ಸುಳ್ಳೂ ಅಲ್ಲವೇನೋ.) ಕೊಂಡಾಡು ಎಂಬ ಅರ್ಥಕ್ಕೆ ಬೇಕಿದ್ದದ್ದು ‘ಎಕ್ಸ್‌ಟೋಲ್’. ಎರಡೂ ಲ್ಯಾಟಿನ್ನಿನಿಂದ ಬಂದವು, ಬೇರು ಬೇರೆ. ಎಕ್ಸ್‌ಟಾರ್ಟ್‌ನಲ್ಲಿರುವುದು ‘ಟಾರ್ಕ್ವೇರೆ’, ತಿರುಚು. ಕೈ ತಿರುಚಿ ಕಿತ್ತುಕೊಳ್ಳುವುದು. ಎಕ್ಸ್‌ಟೋಲ್‌ನಲ್ಲಿರುವುದು ‘ಟೊಲ್ಲೆರೆ’, ಎತ್ತು. ‘ಎಕ್ಸ್’ ಇಲ್ಲಿ ಮೇಲಕ್ಕೆ. ಇಂಗ್ಲಿಷಿನಲ್ಲೂ ಮೊದಮೊದಲು ವಸ್ತುವನ್ನು ಎತ್ತುವುದಕ್ಕೇ ಈ ಪದ ಇತ್ತು, ಹೊಗಳಿಕೆಯ ಅರ್ಥ ನೆಲೆಯೂರಿದ್ದು ಆಮೇಲೆ. ಇದೇ ಹಳೆಯ ಬೇರಿನಿಂದ ಸಂಸ್ಕೃತದ ‘ತುಲಾ’ ಕೂಡ ಬಂದಿದೆ. ತುಲಾಭಾರದ ತಕ್ಕಡಿ ಇದಕ್ಕೆ ದೂರದ ನೆಂಟ.

ಎಕ್ಸ್‌ಟೋಲ್ ಬಳಸುವಾಗ ಮಕ್ಕಳು ಎಡವುವುದು ಕಾಗುಣಿತದಲ್ಲಿ. ಮೂಲರೂಪದಲ್ಲಿ ಒಂದೇ ‘ಎಲ್’. ‘-ಎಡ್’, ‘-ಇಂಗ್’ ಸೇರಿದರೆ ಎರಡು, ‘ಎಸ್’ ಸೇರಿದರೆ ಮತ್ತೆ ಒಂದೇ. ಒತ್ತು ಎರಡನೆಯ ಭಾಗಕ್ಕೆ: ಇಕ್‌ಸ್ಟೋಲ್. ಹೊಗಳಿಸಿಕೊಳ್ಳುವವರ ಹೆಸರೋ ಅವರ ಗುಣವೋ ನೇರವಾಗಿ ಈ ಪದದ ಬೆನ್ನಿಗೇ ಬರಬೇಕು, ನಡುವೆ ‘ಆಫ್’, ‘ಅಬೌಟ್’ ತುರುಕಬಾರದು.

ತೂಕವೂ ಮುಖ್ಯ. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಬೆನ್ನು ತಟ್ಟಿದರೆ ಅದು ಬರೀ ‘ಪ್ರೇಸ್’. ಎಕ್ಸ್‌ಟೋಲ್ ಎಂದರೆ ಕೊಂಡಾಡುವುದು. ಆದರೆ ಎಣ್ಣೆ ಮಾರುವವನು ತನ್ನ ಎಣ್ಣೆಯ ‘ವರ್ಚೂಸ್’ (ಒಳ್ಳೆಯ ಗುಣಗಳು) ಅನ್ನು ಎಕ್ಸ್‌ಟೋಲ್ ಮಾಡಿದ ಎಂದಾಗ ಸಣ್ಣ ಚುಚ್ಚು ಇರುತ್ತದೆ. ಅಲ್ಲಿಗೆ ನಮ್ಮ ‘ಹೊಗಳಿ ಅಟ್ಟಕ್ಕೇರಿಸು’ ಸರಿಯಾಗಿ ಕೂರುತ್ತದೆ.

ಹೊಗಳುವುದಕ್ಕೇ ಇರುವ ‘ಲಾಡ್’ ಗಿಡ್ಡ ಪದ, ಪತ್ರಿಕೆಯ ತಲೆಬರಹಕ್ಕೆ ಅನುಕೂಲ. ಹುಷಾರಾಗಿರಬೇಕಾದ್ದು ‘ಯೂಲಜೈಸ್’ ಬಗ್ಗೆ. ಗ್ರೀಕ್ ಮೂಲದಲ್ಲಿ ಒಳ್ಳೆಯ ಮಾತು ಅಂತಷ್ಟೇ ಇದ್ದರೂ ಈಗ ಅದು ಹೆಚ್ಚಾಗಿ ಕೇಳುವುದು ಸತ್ತವರ ಗುಣಗಾನದಲ್ಲಿ. ನಿವೃತ್ತರಾಗುವ ಹೆಡ್‌ಮಾಸ್ಟರರ ಬೀಳ್ಕೊಡುಗೆ ಪತ್ರದಲ್ಲಿ ಅದನ್ನು ಅಚ್ಚು ಹಾಕಿಸಿ ಚೌಕಟ್ಟು ಕಟ್ಟಿಸಿಬಿಟ್ಟರೆ, ಅವರು ಅದನ್ನು ಮನೆಯ ಗೋಡೆಗೆ ತೂಗುಹಾಕುವುದು ಅನುಮಾನ.