ಪಾಠದ ದಿನಚರಿ, ಒಂಬತ್ತನೇ ವಾರ: ‘ಅಣ್ಣಕ್ಕೆ’

ಕೋಲ್ಕತ್ತದಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದಿರುವ ವಿದ್ಯಾರ್ಥಿನಿಯೊಬ್ಬರಿಗೆ ಶನಿವಾರ, ಭಾನುವಾರ ಸಂಜೆ ಒಂದೊಂದು ಗಂಟೆ ಕನ್ನಡ ಹೇಳಿಕೊಡಲು ಆರಂಭಿಸಿ ಎರಡು ತಿಂಗಳಾಯಿತು. ಬಂಗಾಳಿಯ ರೂಢಿಯಿಂದಾಗಿ ‘ಮರ’ ಎಂಬುದು ‘ಮೊರೊ’ ಎಂಬಂತೆ ಕೇಳಿಸುತ್ತಿದ್ದ ತೊಡಕು ಬಹುಮಟ್ಟಿಗೆ ನಿವಾರಣೆಯಾಗಿದೆ.

ಈ ವಾರ ಚತುರ್ಥಿ ವಿಭಕ್ತಿಯ ಸರದಿ. ಮನೆಗೆ, ಊರಿಗೆ, ಮರಕ್ಕೆ ಎಂದು ಬರೆಸಿ, ಸ್ವಂತ ವಾಕ್ಯ ಮಾಡಲು ಹೇಳಿದಾಗ ಅವರು ‘ಅಣ್ಣಕ್ಕೆ ಪುಸ್ತಕ ಕೊಟ್ಟೆ’ ಎಂದು ಬರೆದರು. ‘ಅಣ್ಣನಿಗೆ’ ಎಂದು ತಿದ್ದಿದೆ. “ಮರ, ಅಣ್ಣ ಎರಡೂ ಅಕಾರದಲ್ಲೇ ಮುಗಿಯುತ್ತವಲ್ಲ ಸರ್, ಮತ್ತೆ ಬೇರೆ ಯಾಕೆ?” ಎಂದರು. ‘ರೂಢಿಯೇ ಹಾಗೆ’ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತಾದರೂ, ಅದು ಉತ್ತರವೇ ಅಲ್ಲವೆಂದು ನನಗೇ ನಾಚಿಕೆಯಾಯಿತು. ಇಬ್ಬರೂ ಕುಳಿತು ಪದಗಳನ್ನು ಪಟ್ಟಿ ಮಾಡಿದೆವು: ಅಮ್ಮನಿಗೆ, ಹುಡುಗನಿಗೆ ಒಂದು ಕಡೆ, ಪುಸ್ತಕಕ್ಕೆ, ದೇವಸ್ಥಾನಕ್ಕೆ, ಮೊಲಕ್ಕೆ, ಸಿಂಹಕ್ಕೆ ಇನ್ನೊಂದು ಕಡೆ. ಅಕಾರಾಂತ ಪದ ಮನುಷ್ಯರನ್ನು ಸೂಚಿಸಿದರೆ ‘ನಿಗೆ’, ವಸ್ತುವನ್ನೋ ಪ್ರಾಣಿಯನ್ನೋ ಸೂಚಿಸಿದರೆ ‘ಕ್ಕೆ’. ಹುಟ್ಟಿನಿಂದ ತಪ್ಪಿಲ್ಲದೆ ಆಡುತ್ತಾ ಬಂದ ಈ ಭೇದವನ್ನು ನಾನು ಒಮ್ಮೆಯೂ ಗಮನಿಸಿರಲಿಲ್ಲ.

ತಪ್ಪಿನ ಮೂಲವನ್ನು ಅವರೇ ವಿವರಿಸಿದರು. ಬಂಗಾಳಿಯಲ್ಲಿ ಅಣ್ಣನಿಗೆ ಎನ್ನಲು ‘ದಾದಾಕೆ’ ಎನ್ನುತ್ತಾರೆ. ಅಲ್ಲಿ ‘ಕೆ’ ಹೆಚ್ಚಾಗಿ ಮನುಷ್ಯರಿಗೇ ಹತ್ತುವ ಪ್ರತ್ಯಯ. ನಮ್ಮ ‘ಕ್ಕೆ’ ಅಕಾರಾಂತ ಪದಗಳಲ್ಲಿ ಮನುಷ್ಯರನ್ನು ಬಿಟ್ಟು ಉಳಿದದ್ದಕ್ಕೆಲ್ಲ ಹತ್ತುತ್ತದೆ. ಕಿವಿಗೆ ಒಂದೇ ಬಗೆಯಾಗಿ ಕೇಳುವ ಪ್ರತ್ಯಯ ಎರಡು ನುಡಿಗಳಲ್ಲಿ ತಿರುವುಮುರುವಾಗಿರುವಾಗ, ಅಜಾಗರೂಕತೆ ಎಂದು ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದು ಸರಿಯಲ್ಲ.

ಭಾನುವಾರ ಅವರು ‘ಸೂರ್ಯಕ್ಕೆ ನಮಸ್ಕಾರ’ ಎಂದರು. ನಿಯಮದ ಪ್ರಕಾರ ಅದೇ ಸರಿಯಾಗಬೇಕಿತ್ತು. ಆದರೆ ಕನ್ನಡದಲ್ಲಿ ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ. ಚಂದ್ರಯಾನ-3 ಇಳಿದ 2023ರ ಆಗಸ್ಟ್ 23ರಂದೂ ನಾವು ಓದಿದ್ದು ‘ಚಂದ್ರನ ಮೇಲೆ’ ಎಂದೇ. ದೇವತೆಗಳೆಂದು ಎಣಿಸಿದವರಿಗೆ ವ್ಯಾಕರಣವೂ ಮನುಷ್ಯರ ಸಾಲಿನಲ್ಲೇ ಜಾಗ ಕೊಟ್ಟಿದೆ ಎಂದು ವಿವರಿಸಿದೆ.

ಮುಂದಿನ ತಂಡಕ್ಕಾಗಿ ಪಾಠದ ಕ್ರಮವನ್ನು ಬದಲಿಸಿದ್ದೇನೆ: ಮೊದಲು ‘ಯಾರಿಗೆ’, ‘ಯಾತಕ್ಕೆ’ ಎಂಬ ಪ್ರಶ್ನೆಗಳು, ಆಮೇಲೆ ಪ್ರತ್ಯಯಗಳು. ನಿನ್ನೆ ರಾತ್ರಿ ಅವರು ಕಳಿಸಿದ ಮನೆಪಾಠದಲ್ಲಿ ‘ಚಂದ್ರನಿಗೆ’ ಸರಿಯಾಗಿಯೇ ಇತ್ತು. ಅದರ ಪಕ್ಕದಲ್ಲಿ ‘ನಕ್ಷತ್ರನಿಗೆ’ ಎಂದೂ ಇತ್ತು.