ನಿಮ್ಮ ಆಯಿ ಏನು ಉಣ್ಣುತ್ತಿದ್ದರು?

ನಮ್ಮ ಆಯಿ, ಅಂದರೆ ಅಜ್ಜಿ, ತೀರಿಕೊಂಡ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ಮದುವೆ ಮನೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ, ಬೆಂಗಳೂರಿನ ಗೆಳೆಯರು ಫೋನ್ ಮಾಡಿದಾಗ ಕೇಳುತ್ತಾರೆ. "ನೂರರ ಹತ್ತಿರ ಬದುಕಿದರಲ್ಲ, ಏನು ಉಣ್ಣುತ್ತಿದ್ದರು?" ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತದೆ. ಜೋಳದ ರೊಟ್ಟಿ ಅಂತ ನಾನು ಹೇಳಬೇಕು, "ನೋಡ್ರಿ, ಅದಕ್ಕೇ" ಅಂತ ಅವರು ತಲೆ ಆಡಿಸಬೇಕು.

ಜೋಳದ ರೊಟ್ಟಿ ಉಣ್ಣುತ್ತಿದ್ದದ್ದು ಸುಳ್ಳಲ್ಲ. ಬಾಗಲಕೋಟೆ ಸೀಮೆಯಲ್ಲಿ ಹುಟ್ಟಿ ಬೇರೇನು ಉಂಡಾಳು? ಚಳಿಗಾಲಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಪುಂಡಿಪಲ್ಯ, ಮಡಿಕೆ ಕಾಳು, ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಇಷ್ಟಕ್ಕೆ ನಿಲ್ಲಿಸಿದರೆ ಕೇಳಿದವರಿಗೆ ಖುಷಿ. ಆದರೆ ಆಯಿಗೆ ಸಕ್ಕರೆ ಸುರಿದ ಚಹಾ ಹೊತ್ತು ಹೊತ್ತಿಗೆ ಬೇಕಿತ್ತು. ಅದರಲ್ಲಿ ಅದ್ದಲು ಪಾರ್ಲೆ-ಜಿ. ಬಾಯಲ್ಲಿ ಸದಾ ಎಲೆ ಅಡಿಕೆ, ಜೊತೆಗೆ ಚಿಟಿಕೆ ತಂಬಾಕು. ಇದನ್ನು ಹೇಳಿದರೆ ಯಾರೂ ತಲೆ ಆಡಿಸುವುದಿಲ್ಲ.

ಇನ್ನೊಂದು ಮಾತಿದೆ. ಆಯಿಯ ತಂಗಿ ಅದೇ ಒಲೆಯ ರೊಟ್ಟಿ ಉಂಡು ಬೆಳೆದವಳು. ಚೊಚ್ಚಲ ಬಾಣಂತನದಲ್ಲೇ ಹೋದಳು. ಒಬ್ಬ ತಮ್ಮ ವಾಂತಿಭೇದಿಗೆ ಹೋದ. ಆಯಿ ಹೆತ್ತ ಮಕ್ಕಳಲ್ಲೂ ಎಲ್ಲರೂ ಉಳಿಯಲಿಲ್ಲ. "ಹಿಂದಿನ ಮಂದಿ ಗಟ್ಟಿ" ಅಂತ ನಾವು ಸುಮ್ನೆ ಹೇಳುತ್ತೇವೆ. ಗಟ್ಟಿ ಕಾಣುವುದು ಉಳಿದವರು ಮಾತ್ರ, ಹೋದವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಸ್ವಾತಂತ್ರ್ಯ ಬಂದ ಹೊತ್ತಿಗೆ ನಮ್ಮ ದೇಶದಲ್ಲಿ ಸರಾಸರಿ ಆಯುಷ್ಯ 32 ವರ್ಷದ ಆಸುಪಾಸು ಇತ್ತು. ಕೂಸುಗಳು ಹೆಚ್ಚು ಸಾಯುತ್ತಿದ್ದುದರಿಂದ ಆ ಅಂಕಿ ಅಷ್ಟು ಕೆಳಗೆ, ನಿಜ. ಆದರೆ ಆ ಕೂಸುಗಳ ಮನೆಯಲ್ಲೂ ಬಡಿಯುತ್ತಿದ್ದದ್ದು ಜೋಳದ ರೊಟ್ಟಿಯೇ ಅಲ್ವಾ?

ಹಾಗಾಗಿ ನನ್ನನ್ನು ಕೇಳಿದರೆ, ಊಟಕ್ಕಿಂತ ಮೊದಲು ನೀರಿನ ಮಾತು ಆಡುತ್ತೇನೆ.

ಆಯಿಯ ತವರು ಹುನಗುಂದ ಕಡೆ. ಊರಿಗೆ ಒಂದು ಮೆಟ್ಟಿಲು ಬಾವಿ. ಕೊಡ ಹಿಡಿದು ಮೆಟ್ಟಿಲಿಳಿದು, ನೀರಿನಲ್ಲಿ ಕಾಲಿಟ್ಟೇ ತುಂಬಿಕೊಳ್ಳಬೇಕು. ಅಲ್ಲಿ ಅವಳಿಗೆ ನಾರುಹುಣ್ಣು ಆಗಿತ್ತು. ಈಗಿನ ಹುಡುಗರಿಗೆ ಈ ಹೆಸರೇ ಗೊತ್ತಿಲ್ಲ. ನಿಂತ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಹುಳ ಇರುತ್ತದೆ, ಅದರೊಳಗೆ ನಾರುಹುಳದ ಮರಿ. ನೀರಿನ ಜೊತೆ ಹೊಟ್ಟೆಗೆ ಹೋದದ್ದು ಸುಮಾರು ಒಂದು ವರ್ಷ ಮೈಯೊಳಗೆ ಬೆಳೆದು, ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ ಹೊರಗೆ ತಲೆ ಹಾಕುತ್ತದೆ. ಉದ್ದ ಒಂದು ಮೀಟರಿನವರೆಗೂ ಇರುತ್ತದೆ. ಜೋರಾಗಿ ಎಳೆದರೆ ತುಂಡಾಗಿ ಒಳಗೇ ಕೊಳೆಯುತ್ತದೆ. ಅದಕ್ಕೆ ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದಿಷ್ಟೇ ಹೊರಗೆ ತರಬೇಕು. ಉರಿ ತಾಳಲಾರದೆ ಅದೇ ಕಾಲನ್ನು ಬಾವಿಯ ನೀರಿನಲ್ಲಿ ಇಟ್ಟರೆ, ಹುಳ ಅಲ್ಲೇ ಮರಿ ಬಿಡುತ್ತದೆ. ಊರವರೆಲ್ಲ ಅದೇ ನೀರು ಕುಡಿಯುತ್ತಾರೆ. ಆಯಿಯ ಎಡಗಾಲಿನ ಹರಡಿನ ಮೇಲೆ ಆ ಕಲೆ ಕೊನೆಯವರೆಗೂ ಇತ್ತು. ಚರ್ಮ ಎಳೆದು ಹೊಲಿದಂತೆ ಕಾಣುತ್ತಿತ್ತು.

ಮದುವೆಯಾಗಿ ಬಂದದ್ದು ಬೀಳಗಿ ತಾಲೂಕಿನ ಹೊಳೆದಂಡೆಯ ಊರಿಗೆ. ಹರಿಯುವ ನೀರು. ಆದರೂ ಅವಳು ಕೊಡದ ಬಾಯಿಗೆ ಹಳೆಯ ಸೀರೆಯ ಅರಿವೆ ಮಡಚಿ ಹಾಕಿ ಸೋಸದೆ ಒಂದು ಹನಿ ಒಳಗೆ ಬಿಡುತ್ತಿರಲಿಲ್ಲ. ಅರಿವೆ ತಿರುವಿ ಹಾಕಿದರೆ ಬೈಗುಳ. ಹೊಲಸು ಹಿಡಿದ ಮಗ್ಗಲು ಮೇಲಕ್ಕೇ ಇರಬೇಕು, ಇಲ್ಲದಿದ್ದರೆ ತೊಳೆದು ಕೊಡಕ್ಕೆ ಹಾಕಿದಂತೆ. ನಾರುಹುಳದ ಮರಿ ಹೊತ್ತ ಆ ಸಣ್ಣ ಹುಳ, ಬಟ್ಟೆಯಲ್ಲಿ ಸೋಸಿದರೆ ಅಲ್ಲೇ ಉಳಿಯುತ್ತದೆ. ಸರ್ಕಾರದವರು ಆಮೇಲೆ ಹಳ್ಳಿ ಹಳ್ಳಿಗೆ ಬಂದು ಹೇಳಿದ್ದೂ ಇದನ್ನೇ, ಮೆಟ್ಟಿಲು ಬಾವಿ ಮುಚ್ಚಿಸಿ ಬೋರ್‌ವೆಲ್ ಹಾಕಿಸಿದ್ದೂ ಇದಕ್ಕೇ. 2000ದಲ್ಲಿ ಭಾರತಕ್ಕೆ ನಾರುಹುಣ್ಣು ಮುಕ್ತ ದೇಶ ಅಂತ ವಿಶ್ವ ಆರೋಗ್ಯ ಸಂಸ್ಥೆ ಪತ್ರ ಕೊಟ್ಟಿತು. ಸಿಡುಬು ಅದಕ್ಕೂ ಮೊದಲೇ, 1975ಕ್ಕೇ ನಿಂತಿತ್ತು. ಆಯಿಯ ಕಾಲಕ್ಕೆ ಇಷ್ಟು ಬೇನೆಗಳು ಊರು ಬಿಟ್ಟು ಹೋದವು. ಅವಳ ಆಯುಷ್ಯದಲ್ಲಿ ಇದರ ಪಾಲೂ ಇದೆ.

ಒಮ್ಮೆ ಕಾಲೇಜಿನ ಹುಡುಗರು ಮನೆಗೆ ಬಂದು ಅವಳನ್ನೇ ಕೇಳಿದರು, ಏನು ಉಂಡಿರಿ ಅಂತ. ಆಯಿ ಹೇಳಿದಳು: "ಇದ್ದದ್ದ ಉಂಡೆ. ಇಲ್ಲದ ದಿನ ನೀರ ಕುಡದು ಮಲಗಿದೆ. ಬ್ಯಾರೆ ಏನ ಹೇಳಲಿ ತಮ್ಮಾ?" 1972ರ ಬರದಲ್ಲಿ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕುಣಿ, ತೆಗೆದು, ತಳದ ಮುಗ್ಗಿದ ಜೋಳವನ್ನೂ ಬಿಸಿಲಿಗೆ ಹಾಕಿ ಉಂಡವಳು. ಆಮೇಲೆ ರೇಷನ್ನಿನ ಕೆಂಪು ಜೋಳ. ಆ ರೊಟ್ಟಿ ತಟ್ಟಿದರೆ ಒಡೆಯುತ್ತಿತ್ತಂತೆ, ಅದಕ್ಕೆ ನುಚ್ಚು ಮಾಡಿಕೊಂಡರಂತೆ. ಇದನ್ನು ಯಾವ ಡಯಟ್ ಪಟ್ಟಿಗೆ ಸೇರಿಸುವುದು?

ಊರು ಮುಳುಗಿದ್ದನ್ನೂ ಅವಳು ನೋಡಿದಳು. ಆಲಮಟ್ಟಿ ಆಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನೀರು ನಮ್ಮ ಅಂಗಳಕ್ಕೆ ಬರಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಪುನರ್ವಸತಿ ಕೇಂದ್ರಕ್ಕೆ ಹೋದ ಮೇಲೆ ಅವಳ ಓರಗೆಯ ಎಷ್ಟೋ ಮಂದಿ ಕಟ್ಟೆ ಇಲ್ಲ, ಹೊಳೆ ಇಲ್ಲ ಅಂತ ಕೊರಗಿ ಬೇಗ ಹೋದರು. ಆಯಿ ಮಾತ್ರ ಹಳೇ ಮನೆಯ ಒಳಕಲ್ಲು ಕಿತ್ತು ಗಾಡಿಯಲ್ಲಿ ಹಾಕಿಸಿಕೊಂಡು ಬಂದಳು. ಹೊಸ ಮನೆಗೆ ಪರಿಹಾರದ ದುಡ್ಡು ಯಾವಾಗ ಬರುತ್ತದೆ ಅಂತ ದಿನಾ ಅಪ್ಪನಿಗೆ ಗಂಟು ಬಿದ್ದಳು.

ಇನ್ನು, ನನ್ನನ್ನು ಯಾರೂ ಕೇಳದ ವಿಷಯ. ಕೊನೆಯ ಹದಿನೈದು ವರ್ಷ ಆಯಿ ಬದುಕಿದ್ದು ನಮ್ಮ ಅವ್ವನ ಕೈಯಲ್ಲಿ. ಟೊಂಕದ ಎಲುಬು ಮುರಿದು ಮಲಗಿದಾಗ, ಆ ವಯಸ್ಸಿಗೆ ಇನ್ನು ಏಳುವುದಿಲ್ಲ ಅಂತ ಬಂದವರೆಲ್ಲ ಹೇಳಿ ಹೋದರು. ಅವ್ವ ರಾತ್ರಿ ಎದ್ದೆದ್ದು ಮಗ್ಗಲು ಬದಲಿಸಿದಳು, ಬೆನ್ನು ಹುಣ್ಣಾಗಲು ಬಿಡಲಿಲ್ಲ. ಹಲ್ಲು ಹೋದ ಮೇಲೆ, ಹಂಚಿನ ಮೇಲೆ ಉಬ್ಬಿದ ರೊಟ್ಟಿಯ ತೆಳ್ಳನೆ ಪದರು ಬೆರಳ ತುದಿಯಿಂದ ಬಿಡಿಸಿ, ಅದನ್ನಷ್ಟೇ ಬಿಸಿ ಹಾಲಿನಲ್ಲಿ ನೆನೆಸಿ ಉಣಿಸುತ್ತಿದ್ದಳು. ಉಳಿದ ದಪ್ಪ ಮಗ್ಗಲು ಅವ್ವನ ತಟ್ಟೆಗೆ. ಇಬ್ಬರಿಗೂ ಅಷ್ಟಕ್ಕಷ್ಟೇ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಉಪ್ಪು ಜಾಸ್ತಿ, ಹಾಲು ತಣ್ಣಗೆ ಅಂತ ಆಯಿ ಗೊಣಗದ ದಿನವಿಲ್ಲ. ಅವ್ವ ತಿರುಗಿ ಮಾತಾಡದ ದಿನವೂ ಇಲ್ಲ. ಈಗ ಅವ್ವನಿಗೇ ಎಪ್ಪತ್ತು ದಾಟಿದೆ, ಮೊಳಕಾಲು ಹಿಡಿದುಕೊಂಡಿವೆ. ಆಯಿಯ ಆಯುಷ್ಯ ಹೊಗಳಲು ಬಂದವರಿಗೆ ಚಹಾ ಕೊಡುವವಳು ಅವಳೇ. ಅವಳನ್ನು ಯಾರೂ ಏನೂ ಕೇಳುವುದಿಲ್ಲ.

ಇಷ್ಟು ಹೇಳಿದ ಮೇಲೂ "ಅದಿರಲಿ, ಒಂದು ಅಡಿಗೆಯಾದರೂ ಹೇಳ್ರಿ" ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಮುಟಗಿ. ಒಳಕಲ್ಲಿನಲ್ಲಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಕುಟ್ಟಿ. ರೊಟ್ಟಿ ದಪ್ಪಗಿರಲಿ, ಹಂಚಿನಿಂದ ಇಳಿದ ಕೂಡಲೇ ಮುರಿದು ಅದರಲ್ಲಿ ಹಾಕಿ ಕುಟ್ಟಿ. ಕೈ ಸುಡುವಾಗಲೇ ಮುಷ್ಟಿಯಲ್ಲಿ ಒತ್ತಿ ಉಂಡೆ ಕಟ್ಟಿ, ಮೇಲೆ ತುಪ್ಪ. ಆಯಿ ಇದನ್ನು ಉಂಡ ಮೇಲೆ ಚಹಾ ಕೇಳುತ್ತಿದ್ದಳು, ಸಕ್ಕರೆ ಮೂರು ಚಮಚ.